ಮೂವತ್ತೈದು ಅಂಕದ ಮಗುವೂ ಕೋಡಿಂಗ್ ತರಗತಿಯೂ



ಹತ್ತನೆಯ ತರಗತಿಯ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ, ಮುಂಬಯಿಯಿಂದ ಹೈದರಾಬಾದಿನವರೆಗೆ, ಹೊರನಾಡಿನ ಸಮಾಜ ಸಂಘಗಳು ಪ್ರತಿಭಾ ಪುರಸ್ಕಾರ ಸಮಾರಂಭಗಳನ್ನು ಏರ್ಪಡಿಸುತ್ತವೆ. ತೊಂಬತ್ತು ಪ್ರತಿಶತಕ್ಕೆ ಮೇಲ್ಪಟ್ಟವರನ್ನು ಹೆಸರು ಹಿಡಿದು ಕರೆದು, ಹಾರ ಹಾಕಿ, ಫಲಕವನ್ನೂ ಲಕೋಟೆಯನ್ನೂ ಕೈಗೆ ಕೊಟ್ಟು, ಛಾಯಾಚಿತ್ರ ತೆಗೆಸಲಾಗುತ್ತದೆ. ಅದೇ ಮನೆತನದ, ಅದೇ ಕಟ್ಟಡದ ಇನ್ನೊಂದು ಮಗು ಗಣಿತದಲ್ಲಿ ಮೂವತ್ತೈದು ಅಂಕಗಳಿಗೆ ಹೇಗೋ ದಡ ಸೇರಿರುತ್ತದೆ. ಆ ದಿನ ಅದಕ್ಕೆ ತಪ್ಪದೆ ಹೊಟ್ಟೆನೋವು ಬರುತ್ತದೆ, ಸಮಾರಂಭಕ್ಕೆ ಬರುವುದಿಲ್ಲ. ಬಂದರೂ ಹಿಂದಿನ ಸಾಲಿನಲ್ಲಿ ಕುಳಿತು ಊಟದ ಹೊತ್ತಿಗೆ ಕಾಯುತ್ತದೆ. ಸಮಾಜದ ಹಣ ಮೊದಲನೆಯ ಮಗುವಿಗೆ ಸಂದಿತು. ಅದಿಲ್ಲದಿದ್ದರೂ ಆ ಮಗು ಮುಂದೆ ಹೋಗುತ್ತಿತ್ತು. ಎರಡನೆಯ ಮಗುವಿಗೆ ಸಂದದ್ದು ಹೋಲಿಕೆ ಮಾತ್ರ.

ಕುಟುಂಬದ ಒಳಗಿನ ಖರ್ಚಿನಲ್ಲಿಯೂ ಇದೇ ಕ್ರಮವಿದೆ. ಲೆಕ್ಕದಲ್ಲಿ ಚುರುಕಾದ ಮಗುವನ್ನು ಕೋಡಿಂಗ್ ತರಗತಿಗೆ ಸೇರಿಸುತ್ತಾರೆ. ಲೆಕ್ಕದಲ್ಲಿ ಹಿಂದುಳಿದ ಮಗುವನ್ನು ಮೊದಲು ಒಂದು ಟ್ಯೂಷನ್ನಿಗೆ, ಅದು ಸಾಲದಾದಾಗ ಎರಡನೆಯ ಟ್ಯೂಷನ್ನಿಗೆ ಕಳಿಸುತ್ತಾರೆ. ಅಲ್ಲಿ ಅದು ಈಗಾಗಲೇ ಅರ್ಥವಾಗದ ಕ್ರಮಗಳನ್ನು ಇನ್ನಷ್ಟು ವೇಗವಾಗಿ ಬಾಯಿಪಾಠ ಮಾಡುತ್ತದೆ. ಈ ಎರಡು ಖರ್ಚುಗಳು ಅದಲುಬದಲಾಗಿವೆ. ಕೋಡಿಂಗಿನಿಂದ ಹೆಚ್ಚು ಪ್ರಯೋಜನ ಪಡೆಯಬಹುದಾದ ವಿದ್ಯಾರ್ಥಿ ಬೀಜಗಣಿತದಲ್ಲಿ ಸೋಲುತ್ತಿರುವವನು. ಆದರೆ ಅದಕ್ಕೊಂದು ಷರತ್ತಿದೆ, ಅದು ಸಣ್ಣ ಷರತ್ತೂ ಅಲ್ಲ.

ಮೊದಲು ಸೋಲು ಎಲ್ಲಿ ಹುಟ್ಟುತ್ತದೆಂಬುದನ್ನು ನೋಡಬೇಕು. ಐದಾರನೆಯ ತರಗತಿಯವರೆಗೆ ಲೆಕ್ಕವೆಂದರೆ ಉತ್ತರ ಬರುವ ಕೆಲಸ: ಕೂಡಿದರೆ ಒಂದು ಸಂಖ್ಯೆ, ಭಾಗಿಸಿದರೆ ಒಂದು ಸಂಖ್ಯೆ. ಆಮೇಲೆ ಒಂದು ಅಕ್ಷರ ಬರುತ್ತದೆ. ಮೊದಮೊದಲು ಆ ಎಕ್ಸ್ ಎಂಬುದು ಅಡಗಿಕೊಂಡಿರುವ ಒಂದೇ ಸಂಖ್ಯೆ. ಹುಡುಕಿ ತೆಗೆದರೆ ಆಟ ಮುಗಿಯಿತು. ಎರಡು ವರ್ಷ ಕಳೆಯುವುದರೊಳಗೆ ಅದೇ ಎಕ್ಸ್ ಯಾವ ಸಂಖ್ಯೆಯಾದರೂ ಆಗಬಹುದಾದ ಚರಾಕ್ಷರವಾಗುತ್ತದೆ. ಆ ಬದಲಾವಣೆಯನ್ನು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಶಿಕ್ಷಕರಿಗೆ ಪಾಠ ಮುಗಿಸುವ ಅವಸರ. ಅರ್ಥಮಾಡಿಕೊಂಡವರು ದಾಟುತ್ತಾರೆ. ದಾಟದವರು ಈ ಬಗೆಯ ಲೆಕ್ಕಕ್ಕೆ ಹೀಗೆ ಬರೆಯಬೇಕು, ಆ ಬಗೆಗೆ ಹಾಗೆ ಎಂದು ಮಾದರಿಗಳನ್ನು ಕಂಠಸ್ಥ ಮಾಡುತ್ತಾರೆ. ಆವರಣದ ಹೊರಗಿನ ಋಣಚಿಹ್ನೆ ಒಳಗೆ ಬಂದಾಗ ಏನು ಮಾಡುತ್ತದೆಂಬುದು ಅವರಿಗೆ ಒಂದು ಶಾಸ್ತ್ರಾಚಾರದಂತೆ ಕಾಣುತ್ತದೆ. ಕಾರಣ ತಿಳಿಯದು, ತಪ್ಪಿದರೆ ದೋಷ ಬರುತ್ತದೆ ಅಷ್ಟೆ. ಒಂಬತ್ತನೆಯ ತರಗತಿಯಲ್ಲಿ ಪ್ರಶ್ನೆಯ ಮಾತು ಸ್ವಲ್ಪ ಬದಲಾದೊಡನೆ ಇಡೀ ಕಟ್ಟಡ ಕುಸಿಯುತ್ತದೆ.

ಈ ಕುಸಿತಕ್ಕೆ ಕಂಪ್ಯೂಟರನ್ನು ಮದ್ದಾಗಿ ಬಳಸಬಹುದೆಂಬ ವಿಚಾರ ಹೊಸದಲ್ಲ. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ವಾಲಿ ಫಾಯರ್‌ಜೈಗ್, ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗಾಗಿಯೇ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಪೇಪರ್ಟ್ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಣಿತಜ್ಞರು. ಜಿನೀವಾದಲ್ಲಿ ಜೀನ್ ಪಿಯಾಜೆಯವರೊಡನೆ ಮಕ್ಕಳ ಚಿಂತನಕ್ರಮವನ್ನು ಅಭ್ಯಸಿಸಿದವರು. 1980ರಲ್ಲಿ ಪ್ರಕಟವಾದ ಅವರ 'ಮೈಂಡ್‌ಸ್ಟಾರ್ಮ್ಸ್' ಗ್ರಂಥದ ಮುಖ್ಯ ವಾದ ಸರಳವಾದುದು. ಫ್ರಾನ್ಸಿನಲ್ಲಿ ಬೆಳೆಯುವ ಮಗುವಿಗೆ ಫ್ರೆಂಚ್ ಕಲಿಸುವುದಕ್ಕೆ ಪಾಠಶಾಲೆ ಬೇಕಿಲ್ಲ. ಹಾಗೆಯೇ ಗಣಿತವೇ ಆಡುಮಾತಾಗಿರುವ ಒಂದು ನಾಡಿನಲ್ಲಿ ಮಗು ಓಡಾಡುವಂತಾದರೆ ಗಣಿತಕ್ಕೆ ಹೆದರಬೇಕಾದ ಕಾರಣವಿರುವುದಿಲ್ಲ. ಕಂಪ್ಯೂಟರ್ ಅಂತಹ ನಾಡಾಗಬಹುದು ಎಂದು ಅವರು ಭಾವಿಸಿದರು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ಕನ್ನಡದ ತಂದೆತಾಯಿಯರಿಗೆ ಈ ಹೋಲಿಕೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ ಅಥವಾ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಅಂಗಳದ ಭಾಷೆಯನ್ನು ಮಗುವಿಗೆ ಯಾರು ಕಲಿಸಿದರೆಂದು ಕೇಳಿದರೆ ಯಾರೂ ಹೇಳಲಾರರು.

ಲೋಗೊದಲ್ಲಿ ಒಂದು ಆಮೆಯಿದೆ. ಮುಂದೆ 100 ಹೆಜ್ಜೆ ನಡೆ ಎಂದರೆ ಗೆರೆ ಎಳೆಯುತ್ತ ನಡೆಯುತ್ತದೆ. ಬಲಕ್ಕೆ 90 ಅಂಶ ತಿರುಗು ಎಂದರೆ ತಿರುಗುತ್ತದೆ. ಈ ಎರಡು ಆಜ್ಞೆಗಳನ್ನು ನಾಲ್ಕು ಸಲ ಕೊಟ್ಟರೆ ಚೌಕ. ಇನ್ನು ಸಮಬಾಹು ತ್ರಿಭುಜ ಬರೆಸು ಎಂದು ಎಂಟನೆಯ ತರಗತಿಯ ವಿದ್ಯಾರ್ಥಿಗೆ ಹೇಳಿ ನೋಡಿ. ತ್ರಿಭುಜದ ಕೋನ 60 ಅಂಶವೆಂದು ಅವನು ಓದಿದ್ದಾನೆ. ಆದುದರಿಂದ ಮುಂದೆ 100, ಬಲಕ್ಕೆ 60 ಎಂದು ಮೂರು ಸಲ ಬರೆಯುತ್ತಾನೆ. ಪರದೆಯ ಮೇಲೆ ಮೂಡುವುದು ತ್ರಿಭುಜವಲ್ಲ. ಬಾಯಿ ತೆರೆದ ಬಟ್ಟಲಿನಂತಹ, ಅರ್ಧ ಷಡ್ಭುಜ.

ಇಲ್ಲಿ ಯಾರೂ ಕೆಂಪು ಶಾಯಿಯಲ್ಲಿ ಗೆರೆ ಹಾಕಲಿಲ್ಲ, ಅಂಕ ಕಳೆಯಲಿಲ್ಲ. ಆಮೆ ಹೇಳಿದ್ದನ್ನಷ್ಟೇ ಮಾಡಿತು. ವಿದ್ಯಾರ್ಥಿ ಎದ್ದು ನಿಂತು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಿದರೆ ತಿಳಿಯುತ್ತದೆ: ತಿರುಗುವಾಗ ದೇಹ ತಿರುಗುವುದು ಒಳಕೋನದಷ್ಟಲ್ಲ, ಹೊರಕೋನದಷ್ಟು, 180ರಲ್ಲಿ 60 ಕಳೆದ 120ರಷ್ಟು. ಮೂರು ಸಲ 120 ಸೇರಿ 360 ಆಯಿತು. ಚೌಕದಲ್ಲಿ ನಾಲ್ಕು ಸಲ 90, ಅದೂ 360. ಹಾಗಾದರೆ ಪಂಚಭುಜಕ್ಕೆ ಎಷ್ಟು? ಪೂರ್ತಿ ಒಂದು ಸುತ್ತು ಬಂದು ಹೊರಟಲ್ಲಿಗೇ ಸೇರಬೇಕಾದರೆ 360ನ್ನು ಭುಜಗಳ ಸಂಖ್ಯೆಯಿಂದ ಭಾಗಿಸಬೇಕು. ಬಹುಭುಜಾಕೃತಿಯ ಹೊರಕೋನಗಳ ಮೊತ್ತದ ಪ್ರಮೇಯವನ್ನು ಅವನು ಕಾಲಿನಿಂದ ಕಂಡುಕೊಂಡ. ಮುಂದಿನ ಹೆಜ್ಜೆ ಇನ್ನೂ ಮುಖ್ಯವಾದುದು. ಪಂಚಭುಜಕ್ಕೊಂದು, ಷಡ್ಭುಜಕ್ಕೊಂದು, ಅಷ್ಟಭುಜಕ್ಕೊಂದು ಪ್ರೋಗ್ರಾಮ್ ಬರೆದು ಬೇಸತ್ತ ವಿದ್ಯಾರ್ಥಿ, ಎಲ್ಲಕ್ಕೂ ಒಂದೇ ಸಾಲದೆ ಎಂದು ಕೇಳುತ್ತಾನೆ. ಆಗ ಭುಜಗಳ ಸಂಖ್ಯೆಯ ಜಾಗದಲ್ಲಿ ಒಂದು ಹೆಸರನ್ನು ಇಡಬೇಕಾಗುತ್ತದೆ. ಚರಾಕ್ಷರ ಅವನಿಗೆ ಬೇಕಾಗಿ ಬಂತು. ಪುಸ್ತಕ ಹೇರಿದ ಎಕ್ಸ್‌ಗೂ ಬೇಸರದಿಂದ ಹುಟ್ಟಿದ ಈ ಹೆಸರಿಗೂ ಇರುವ ಅಂತರ ಬಹಳ ದೊಡ್ಡದು.

ಪೇಪರ್ಟ್ ಅವರು ಒತ್ತಿ ಹೇಳಿದ ಇನ್ನೊಂದು ಸಂಗತಿ ದೋಷ ನಿವಾರಣೆಯದು. ಪ್ರೋಗ್ರಾಮ್ ಬರೆಯುವವರಲ್ಲಿ ಮೊದಲ ಸಲಕ್ಕೇ ಸರಿಯಾಗಿ ಬರೆಯುವವರು ಯಾರೂ ಇಲ್ಲ. ಬರೆದದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆಗಿಂತ, ಎಲ್ಲಿ ಕೆಟ್ಟಿದೆ, ಹೇಗೆ ಸರಿಪಡಿಸಬಹುದು ಎಂಬ ಪ್ರಶ್ನೆಯೇ ಅಲ್ಲಿ ನಡೆಯುತ್ತದೆ. ಗಣಿತದಲ್ಲಿ ಸೋತ ಮಗು ವರ್ಷಾನುಗಟ್ಟಲೆ ಮೊದಲ ಪ್ರಶ್ನೆಯ ಹೊಡೆತವನ್ನೇ ತಿಂದಿರುತ್ತದೆ. ತನ್ನ ತಪ್ಪನ್ನು ಮುಚ್ಚಿಡುವುದೇ ಅದಕ್ಕೆ ಅಭ್ಯಾಸವಾಗಿದೆ. ತಪ್ಪನ್ನು ತೆರೆದಿಟ್ಟುಕೊಂಡು ಕುತೂಹಲದಿಂದ ನೋಡುವ ಅವಕಾಶ ಅದಕ್ಕೆ ಶಾಲೆಯಲ್ಲಿ ಎಲ್ಲಿಯೂ ದೊರೆತಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಗೆ ರಾಜಕೀಯದ ಮುಖವೂ ಇತ್ತು. ಬಾಬ್ ಮೋಸಸ್ ಎಂಬವರು 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪುಜನರ ಮತದಾನದ ಹಕ್ಕಿಗಾಗಿ, ಪೆಟ್ಟು ತಿಂದು, ಸೆರೆಮನೆ ಕಂಡು ಹೋರಾಡಿದವರು. ಅನಂತರ ತಾಂಜಾನಿಯದಲ್ಲಿ ಗಣಿತ ಕಲಿಸಿದರು. ಮರಳಿ ಬಂದ ಮೇಲೆ, ತಮ್ಮ ಮಗಳ ಶಾಲೆಯಲ್ಲಿ ಎಂಟನೆಯ ತರಗತಿಗೆ ಬೀಜಗಣಿತವೇ ಇಲ್ಲದುದನ್ನು ಕಂಡು, 1982ರಲ್ಲಿ ಆಲ್ಜೀಬ್ರಾ ಪ್ರಾಜೆಕ್ಟ್ ಆರಂಭಿಸಿದರು. ಅವರ ವಾದವೇನೆಂದರೆ, ಹಿಂದಿನ ತಲೆಮಾರಿಗೆ ಮತಪತ್ರ ಯಾವುದಾಗಿತ್ತೋ ಈ ತಲೆಮಾರಿಗೆ ಬೀಜಗಣಿತ ಅದಾಗಿದೆ. ಅದಿಲ್ಲದವನು ಕಂಪ್ಯೂಟರ್ ಯುಗದ ಆರ್ಥಿಕತೆಯಲ್ಲಿ ಪೂರ್ಣ ಪ್ರಜೆಯಾಗಲಾರ. ಋಣಸಂಖ್ಯೆಗಳನ್ನು ಕಲಿಸಲು ಅವರು ಮಕ್ಕಳನ್ನು ನಗರದ ಮೆಟ್ರೋ ರೈಲಿನಲ್ಲಿ ಕರೆದೊಯ್ದರು. ಹೊರಟ ನಿಲ್ದಾಣ ಯಾವುದು, ಯಾವ ದಿಕ್ಕಿಗೆ ಎಷ್ಟು ನಿಲ್ದಾಣ ಎಂಬುದನ್ನು ಮಕ್ಕಳೇ ಮೊದಲು ತಮ್ಮ ಮಾತಿನಲ್ಲಿ, ಆಮೇಲೆ ಚಿಹ್ನೆಗಳಲ್ಲಿ ಬರೆಯಬೇಕಿತ್ತು. ಕೆಳಗಿನ ಕಾಲುಭಾಗದಲ್ಲಿದ್ದ ಮಕ್ಕಳೇ ಅವರ ಮುಖ್ಯ ಕಾಳಜಿಯಾಗಿದ್ದರು.

ಕೋಡಿಂಗನ್ನು ನೇರವಾಗಿ ಶಾಲೆಯ ಬೀಜಗಣಿತಕ್ಕೆ ಹೊಲಿದ ಪ್ರಯತ್ನಗಳಲ್ಲಿ ಹೆಚ್ಚು ಗಮನಾರ್ಹವಾದುದು ಬೂಟ್‌ಸ್ಟ್ರಾಪ್. ಗಣಿತ ಶಿಕ್ಷಕರಾಗಿದ್ದ ಇಮ್ಯಾನುಯೆಲ್ ಶಾನ್ಜರ್ ಅವರು ಆರಂಭಿಸಿ, ಬ್ರೌನ್ ವಿಶ್ವವಿದ್ಯಾಲಯದ ಕ್ಯಾಥಿ ಫಿಸ್ಲರ್, ಶ್ರೀರಾಮ್ ಕೃಷ್ಣಮೂರ್ತಿ ಅವರೊಡನೆ ಬೆಳೆಸಿದ ಪಾಠಕ್ರಮ ಅದು. ವಿದ್ಯಾರ್ಥಿ ಒಂದು ಸಣ್ಣ ವಿಡಿಯೋ ಗೇಮ್ ತಯಾರಿಸುತ್ತಾನೆ. 640 ಅಗಲ, 480 ಎತ್ತರದ ಪರದೆಯಲ್ಲಿ ಆಟಗಾರ ಎಲ್ಲಿದ್ದಾನೆಂದು ಹೇಳಲು ನಿರ್ದೇಶಾಂಕಗಳು ಬೇಕು. ಅಪಾಯದ ವಸ್ತು ಪ್ರತಿ ಕ್ಷಣ ಎಷ್ಟು ಸರಿಯಬೇಕೆಂದು ಹೇಳಲು ಫಂಕ್ಷನ್ ಬೇಕು. ಅದು ಪರದೆ ದಾಟಿ ಹೋಯಿತೇ ಎಂದು ತಿಳಿಯಲು ಅಸಮತೆ ಬೇಕು. ಆಟಗಾರನಿಗೆ ಅದು ತಗುಲಿತೇ ಎಂದು ತಿಳಿಯಲು ಎರಡು ಬಿಂದುಗಳ ನಡುವಿನ ದೂರ ಬೇಕು. ಅಂದರೆ ಪೈಥಾಗೊರಸನ ಪ್ರಮೇಯ ಬೇಕು. ಆಟದ ಆಸೆ ತೋರಿಸಿ ಗಣಿತವನ್ನು ಗುಟ್ಟಾಗಿ ಬೆರೆಸುವ ಕೆಲಸ ಅಲ್ಲಿ ನಡೆಯುವುದಿಲ್ಲ. ಗಣಿತವನ್ನು ಬರೆಯದೆ ಆಟ ಅಲುಗುವುದೇ ಇಲ್ಲ.

ಆದರೂ ಅದರ ನಿಜವಾದ ಬೆಲೆ ಆಟದಲ್ಲಿಲ್ಲ, ಬರೆಯುವ ಕ್ರಮದಲ್ಲಿದೆ. ಯಾವ ಫಂಕ್ಷನ್ ಬರೆಯುವುದಕ್ಕೂ ಮುಂಚೆ ವಿದ್ಯಾರ್ಥಿ ಒಂದು ಕರಾರು ಬರೆಯಬೇಕು: ಇದರ ಹೆಸರೇನು, ಇದಕ್ಕೆ ಏನು ಕೊಡುತ್ತೇವೆ, ಇದರಿಂದ ಏನು ಹೊರಬರುತ್ತದೆ. ಆಮೇಲೆ ಕೈಯಾರೆ ಲೆಕ್ಕ ಮಾಡಿದ ಎರಡು ಮೂರು ಉದಾಹರಣೆಗಳು. ಆ ಉದಾಹರಣೆಗಳಲ್ಲಿ ಯಾವುದು ಬದಲಾಗುತ್ತಿದೆಯೋ ಅದಕ್ಕೆ ವೃತ್ತ ಹಾಕಿ ಹೆಸರಿಡಬೇಕು. ಕೊನೆಯಲ್ಲಿ ಮಾತ್ರ ಸೂತ್ರ.

ಮುಂಬಯಿಯ ಯಾವ ಮಗುವಿಗೂ ಗೊತ್ತಿರುವ ಆಟೋರಿಕ್ಷಾದ ಬಾಡಿಗೆಯಿಂದಲೇ ಇದನ್ನು ನೋಡಬಹುದು. ಮೊದಲ 2 ಕಿಲೋಮೀಟರಿಗೆ 30 ರೂಪಾಯಿ, ಮುಂದಿನ ಪ್ರತಿ ಕಿಲೋಮೀಟರಿಗೆ 20 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಇದನ್ನೇ ವಾಕ್ಯರೂಪದ ಲೆಕ್ಕವಾಗಿ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟರೆ ಮೂವತ್ತೈದು ಅಂಕದ ಮಗು ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಕರಾರಿನ ಕ್ರಮದಲ್ಲಿ ಮೊದಲು ಕೇಳುವುದು ಇಷ್ಟೆ: ಏನು ಕೊಡುತ್ತೇವೆ? ದೂರ. ಏನು ಬರುತ್ತದೆ? ಬಾಡಿಗೆ. 3 ಕಿಲೋಮೀಟರಾದರೆ 30 + 20 × (3 − 2), ಅಂದರೆ 50. 5 ಕಿಲೋಮೀಟರಾದರೆ 30 + 20 × (5 − 2), ಅಂದರೆ 90. ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಬದಲಾದದ್ದು ಒಂದೇ ಜಾಗ. ಅಲ್ಲಿ ದೂರ ಎಂದು ಬರೆಯಿರಿ. 30 + 20 × (ದೂರ − 2). ಸೂತ್ರ ಸಿದ್ಧ.

ಮುಂದೆ ಮಗು ಅದನ್ನು ಕಂಪ್ಯೂಟರಿಗೆ ಬರೆಯುತ್ತದೆ. ಬಹುಶಃ ಆವರಣವನ್ನು ಮರೆಯುತ್ತದೆ. 5 ಕಿಲೋಮೀಟರಿಗೆ 90 ಬರಬೇಕಾದಲ್ಲಿ 128 ಬರುತ್ತದೆ. ತಾನೇ ಕೈಯಾರೆ ಮಾಡಿದ ಉದಾಹರಣೆ ಪಕ್ಕದಲ್ಲಿದೆ, ಆದುದರಿಂದ ತಪ್ಪಾಗಿದೆಯೆಂದು ಹೇಳಲು ಬೇರೆಯವರು ಬೇಕಿಲ್ಲ. ಆವರಣ ಏಕೆ ಬೇಕು ಎಂಬ ಪ್ರಶ್ನೆಗೆ 38 ರೂಪಾಯಿಯ ಉತ್ತರ ಸಿಕ್ಕಿತು. ಆವರಣ ಹಾಕಿ ಸರಿಪಡಿಸಿದ ಮೇಲೆ ಯಾರಾದರೂ ತುಂಟತನದಿಂದ 1 ಕಿಲೋಮೀಟರ್ ಕೊಟ್ಟು ನೋಡಲಿ. ಬಾಡಿಗೆ 10 ರೂಪಾಯಿ! ಇನ್ನು ಸೊನ್ನೆ ಕೊಟ್ಟರೆ ಋಣ 10. ರಿಕ್ಷಾ ಹತ್ತದೆ ನಿಂತವನಿಗೆ ಚಾಲಕನೇ ಹತ್ತು ರೂಪಾಯಿ ಕೊಡಬೇಕಾಗುತ್ತದೆ. ತರಗತಿ ನಗುತ್ತದೆ. ಆ ನಗುವಿನಲ್ಲಿ ಒಂದು ಗಂಭೀರ ವಿಷಯವಿದೆ: ಸೂತ್ರ ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವುದಿಲ್ಲ, 2ಕ್ಕಿಂತ ಕಡಿಮೆ ದೂರಕ್ಕೆ ಬೇರೆ ನಿಯಮ ಬೇಕು. ಹನ್ನೊಂದನೆಯ ತರಗತಿಯಲ್ಲಿ ಫಂಕ್ಷನ್ನಿನ ವ್ಯಾಪ್ತಿಪ್ರದೇಶವೆಂಬ ದೊಡ್ಡ ಹೆಸರಿನಲ್ಲಿ ಬರುವ ಪಾಠ ಇದು. ಅದನ್ನು ಒಂಬತ್ತನೆಯ ತರಗತಿಯ ಹಿಂದುಳಿದ ವಿದ್ಯಾರ್ಥಿ ನಗುತ್ತ ಕಲಿಯುತ್ತಾನೆ.

ಉದಾಹರಣೆ, ಬೆನ್ನಿಗೇ ನಿಯಮ, ಮತ್ತೆ ಉದಾಹರಣೆ ಎಂಬ ಈ ಜೋಡಣೆ ಈ ಸಭೆಯವರಿಗೆ ಪರಕೀಯವೆನಿಸಬಾರದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಪ್ರತಿಯೊಂದು ಸೂತ್ರದ ಹಿಂದೆಯೇ ಉದ್ದೇಶಕಗಳು, ಎಂದರೆ ಬಿಡಿಸಬೇಕಾದ ಲೆಕ್ಕಗಳು, ಬರುತ್ತವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದ. ಸಮಾರಂಭಗಳ ಭಾಷಣಗಳಲ್ಲಿ ಈ ಹೆಸರುಗಳನ್ನು ಹೆಮ್ಮೆಯಿಂದ ಉಚ್ಚರಿಸುವ ರೂಢಿಯಿದೆ. ಹೆಮ್ಮೆ ಪಡುವವರ ಮನೆಯ ಮಗುವೇ ಲೆಕ್ಕದ ಪುಸ್ತಕವನ್ನು ಕಂಡರೆ ಬೆವರುವುದಾದರೆ ಆ ಹೆಮ್ಮೆ ಯಾರ ಉಪಯೋಗಕ್ಕೆ?

ಇಷ್ಟು ಹೇಳಿದ ಮೇಲೆ ಷರತ್ತಿನ ಮಾತಿಗೆ ಬರಬೇಕು. ಕೋಡಿಂಗ್ ಕಲಿತರೆ ಗಣಿತ ತಾನಾಗಿಯೇ ಬರುತ್ತದೆಂಬುದು ಸುಳ್ಳು. ಲೋಗೊದ ಉತ್ಸಾಹ ಶಿಖರದಲ್ಲಿದ್ದಾಗಲೇ, 1984ರಲ್ಲಿ, ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಸಂಸ್ಥೆಯ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಅವರು ಪ್ರಕಟಿಸಿದ ಫಲಿತಾಂಶ ನಿರಾಶೆಯದಾಗಿತ್ತು. ಒಂದು ಶಾಲಾವರ್ಷ ಲೋಗೊ ಕಲಿತ ಮಕ್ಕಳು, ಯೋಜನೆ ಹಾಕಿ ಕೆಲಸ ಮಾಡುವ ಪರೀಕ್ಷೆಯಲ್ಲಿ, ಕಲಿಯದ ಮಕ್ಕಳಿಗಿಂತ ಮೇಲಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಲಂಡನ್ ಯೂನಿವರ್ಸಿಟಿ ಕಾಲೇಜಿನವರು ರೂಪಿಸಿದ ಸ್ಕ್ರ್ಯಾಚ್‌ಮ್ಯಾತ್ಸ್ ಎಂಬ ಪಾಠಕ್ರಮವನ್ನು ನೂರಕ್ಕೂ ಹೆಚ್ಚು ಶಾಲೆಗಳಲ್ಲಿ ಎರಡು ವರ್ಷ ಪರೀಕ್ಷಿಸಿದರು. 2018ರ ವರದಿಯ ಪ್ರಕಾರ ಕಂಪ್ಯೂಟರಿನ ರೀತಿಯಲ್ಲಿ ಯೋಚಿಸುವ ಶಕ್ತಿ ಹೆಚ್ಚಿತು. ಗಣಿತದ ಅಂಕಗಳು ಹೆಚ್ಚಲಿಲ್ಲ. ಬೂಟ್‌ಸ್ಟ್ರಾಪಿನಲ್ಲಿ ಕಲಿತ ವಿದ್ಯಾರ್ಥಿಗಳು ಕಾಗದದ ಮೇಲಿನ ವಾಕ್ಯರೂಪದ ಬೀಜಗಣಿತದ ಲೆಕ್ಕಗಳಲ್ಲಿಯೂ ಸುಧಾರಿಸಿದರೆಂದು 2015ರಲ್ಲಿಯೂ 2018ರಲ್ಲಿಯೂ ಪ್ರಕಟವಾದ ಅಧ್ಯಯನಗಳು ಹೇಳುತ್ತವೆ. ಅಧ್ಯಯನ ಮಾಡಿದವರು ಪಾಠಕ್ರಮವನ್ನು ಕಟ್ಟಿದವರೇ ಎಂಬುದನ್ನು ಕೇಳುಗರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೂ ಫಲಿತಾಂಶದ ಭೇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೂಟ್‌ಸ್ಟ್ರಾಪಿನಲ್ಲಿ ಪರದೆಯ ಫಂಕ್ಷನ್ನೂ ಪುಸ್ತಕದ ಫಂಕ್ಷನ್ನೂ ಒಂದೇ ಎಂದು ಶಿಕ್ಷಕರು ಪ್ರತಿ ಹೆಜ್ಜೆಯಲ್ಲಿ ತೋರಿಸುತ್ತಾರೆ. ಸೇತುವೆಯನ್ನು ಕಟ್ಟಿಕೊಡುತ್ತಾರೆ, ಮಗು ಹಾರಿ ದಾಟಲಿ ಎಂದು ಬಿಡುವುದಿಲ್ಲ.

ಸೇತುವೆ ಇಲ್ಲದ ಕೋಡಿಂಗ್ ಕೆಲವೊಮ್ಮೆ ಹಾನಿಯನ್ನೂ ಮಾಡಬಲ್ಲುದು. ಪ್ರಚಲಿತವಾದ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಎಕ್ಸ್ = ಎಕ್ಸ್ + 1 ಎಂದು ಬರೆಯುವುದು ನಿತ್ಯದ ವ್ಯವಹಾರ: ಎಕ್ಸ್ ಎಂಬ ಡಬ್ಬಿಯಲ್ಲಿರುವುದಕ್ಕೆ ಒಂದು ಸೇರಿಸಿ ಮತ್ತೆ ಅಲ್ಲಿಯೇ ಇಡು ಎಂದು ಅರ್ಥ. ಬೀಜಗಣಿತದಲ್ಲಿ ಅದೇ ಸಾಲು ಅಸಾಧ್ಯ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾಗಿರಲಾರದು. ಸಮಚಿಹ್ನೆಯ ಅರ್ಥವೇ ಗಟ್ಟಿಯಾಗದ ಮಗುವಿಗೆ ಇದನ್ನು ವಿವರಣೆಯಿಲ್ಲದೆ ಕಲಿಸುವುದು ಉರಿಯುವ ಗಾಯಕ್ಕೆ ಉಪ್ಪು ಹಚ್ಚಿದಂತೆ. ಬೂಟ್‌ಸ್ಟ್ರಾಪಿನವರು, ಹೆಸರಿಗೆ ಒಮ್ಮೆ ಕೊಟ್ಟ ಬೆಲೆ ಬದಲಾಗದ, ಗಣಿತದ ಫಂಕ್ಷನ್ನಿನಂತೆಯೇ ನಡೆಯುವ ಭಾಷೆಗಳನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ಮಾರುಕಟ್ಟೆಯಲ್ಲಿ ಮಾರಾಟವಾಗುವ ಕೋಡಿಂಗಿಗೂ ಇದಕ್ಕೂ ಸಂಬಂಧ ಬಹಳ ಕಡಿಮೆ. 2020ರಲ್ಲಿ ಎಲ್ಲರೂ ಮನೆಯೊಳಗಿದ್ದಾಗ, ಆರು ವರ್ಷದ ಮಗು ಆ್ಯಪ್ ತಯಾರಿಸಿ ಕೋಟಿ ಗಳಿಸುತ್ತದೆಂಬ ಧಾಟಿಯ ಜಾಹೀರಾತುಗಳು ಪ್ರತಿ ಮನೆಯ ಮೊಬೈಲಿಗೂ ಬಂದವು. ಕೊನೆಗೆ ಜಾಹೀರಾತುಗಳ ಮೇಲ್ವಿಚಾರಣಾ ಮಂಡಳಿಯೇ ಒಂದು ಸಂಸ್ಥೆಯ ಹಲವು ಜಾಹೀರಾತುಗಳನ್ನು ತೆಗೆಸಬೇಕಾಯಿತು. ಹೆದರಿದ ತಂದೆತಾಯಿಯರು ಸಾವಿರಾರು ರೂಪಾಯಿ ಕಟ್ಟಿದರು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಚಟುವಟಿಕೆಗಳನ್ನು ತರಬೇಕೆಂದು ಹೇಳಿತು. ನೀತಿಯ ಆಶಯ ಒಳ್ಳೆಯದು. ಆದರೆ ಶಾಲೆಗಳಲ್ಲಿ ಅದು ಕಂಪ್ಯೂಟರ್ ಶಿಕ್ಷಕರ ಪಾಲಿಗೆ ಬಿಟ್ಟ ಪ್ರತ್ಯೇಕ ವಿಷಯವಾಗಿ, ಗಣಿತದ ಕೋಣೆಯೊಂದಿಗೆ ಮಾತುಕತೆಯಿಲ್ಲದೆ ನಡೆಯುವಷ್ಟು ಕಾಲ, ಮೂವತ್ತೈದು ಅಂಕದ ಮಗುವಿಗೆ ಅದು ಸೋಲಲು ಇನ್ನೊಂದು ವಿಷಯವಷ್ಟೇ.

ಇನ್ನೊಂದು ಕಡೆಯಿಂದ ಬಾಗಿಲೂ ಕಿರಿದಾಗುತ್ತಿದೆ. ಕೇಂದ್ರೀಯ ಮಂಡಳಿ 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತವನ್ನು ಸ್ಟ್ಯಾಂಡರ್ಡ್ ಮತ್ತು ಬೇಸಿಕ್ ಎಂದು ಎರಡು ಮಾಡಿತು. ಮುಂದೆ ಗಣಿತ ಓದಲು ಇಚ್ಛಿಸದವರಿಗಾಗಿ ಬೇಸಿಕ್. ಭಯದ ಹೊರೆ ಇಳಿಸಲು ಮಾಡಿದ ಏರ್ಪಾಡೆಂಬುದು ನಿಜ. ಆದರೆ ಹದಿನಾಲ್ಕನೆಯ ವಯಸ್ಸಿನ ಇಚ್ಛೆ ಎಂಬುದೇನು? ಎಂಟನೆಯ ತರಗತಿಯಿಂದ ಅವಮಾನ ಉಂಡ ಮಗು ಬೇಸಿಕ್ ಬೇಕೆಂದು ಬರೆದುಕೊಡುವುದನ್ನು ಇಚ್ಛೆಯೆಂದು ಕರೆಯುವುದು ಕಠಿಣ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಅರ್ಜಿಗೆ ಸಹಿ ಹಾಕುವಾಗ ಮನೆಯವರಿಗೆ ಇನ್ನೂ ಕಡಿಮೆ ಹೊತ್ತು ಸಾಕಾಗುತ್ತದೆ. ಲೆಕ್ಕ ಅವಳಿಗೇಕೆ, ಕಾಮರ್ಸ್ ಆಗಲಿ ಎಂದು ಮುಗಿಯುತ್ತದೆ, ಕಾಮರ್ಸಿಗೆ ಲೆಕ್ಕ ಬೇಡವೆಂಬಂತೆ.

ಮನೆಯವರು ಪ್ರೋಗ್ರಾಮಿಂಗ್ ಬಲ್ಲವರಾಗಿರಬೇಕೆಂದೇನೂ ಇಲ್ಲ. ಹೊರನಾಡಿನ ಕನ್ನಡ ಮಕ್ಕಳು ವಾಕ್ಯರೂಪದ ಲೆಕ್ಕದಲ್ಲಿ ಎಡವುವುದಕ್ಕೆ ಅರ್ಧ ಕಾರಣ ಭಾಷೆ. ಪ್ರಶ್ನೆಯ ಇಂಗ್ಲಿಷನ್ನು ಓದುವಷ್ಟರಲ್ಲಿ ಲೆಕ್ಕದ ಎಳೆ ಕಳೆದುಹೋಗಿರುತ್ತದೆ. ಊಟದ ಹೊತ್ತಿನಲ್ಲಿ ತಾಯಿ ಕನ್ನಡದಲ್ಲಿ ಮೂರು ಮಾತು ಕೇಳಿದರೆ ಸಾಕು: ಇದಕ್ಕೆ ಏನು ಕೊಡ್ತೀಯಪ್ಪ, ಏನು ಬರುತ್ತೆ, ಒಂದು ಉದಾಹರಣೆ ಹೇಳು ನೋಡೋಣ. ಕರಾರು ಎಂದರೆ ಅದೇ. ಕಚೇರಿಯಲ್ಲಿ ದಿನವೂ ಎಕ್ಸೆಲ್ ಹಾಳೆ ತೆರೆಯುವ ತಂದೆಗೆ ಇನ್ನೂ ಸುಲಭ. ಒಂದು ಕಂಬಸಾಲಿನಲ್ಲಿ ದೂರ, ಪಕ್ಕದಲ್ಲಿ ಬಾಡಿಗೆಯ ಸೂತ್ರ, ಕೆಳಕ್ಕೆ ಎಳೆದರೆ ಹತ್ತು ಉತ್ತರಗಳು, ಒಂದು ಗುಂಡಿ ಒತ್ತಿದರೆ ರೇಖಾಚಿತ್ರ. ಸೂತ್ರ, ಕೋಷ್ಟಕ, ರೇಖಾಚಿತ್ರ ಮೂರೂ ಒಂದೇ ಸಂಗತಿಯ ಮೂರು ಮುಖಗಳೆಂಬುದು ಬೀಜಗಣಿತದ ಅರ್ಧ ಪಾಠ. ಅದೂ ಪ್ರೋಗ್ರಾಮಿಂಗೇ.

ಸಂಘಗಳು ಮಾಡಬಹುದಾದ ಕೆಲಸ ದೊಡ್ಡದಲ್ಲ. ಪುರಸ್ಕಾರದ ನಿಧಿಯ ಒಂದು ಪಾಲನ್ನು ಬೇರೆ ತೆಗೆದು, ಶನಿವಾರ ಸಂಜೆ ಎರಡು ಗಂಟೆ ಸಭಾಭವನದ ಒಂದು ಕೋಣೆಯನ್ನು ತೆರೆಯಬಹುದು. ಪುಣೆಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ತರುಣ ತರುಣಿಯರಿಗೆ ಬರವಿಲ್ಲ. ಅವರ ಹಳೆಯ ಲ್ಯಾಪ್‌ಟಾಪುಗಳಿಗೂ ಬರವಿಲ್ಲ. ಬೂಟ್‌ಸ್ಟ್ರಾಪಿನ ಪಾಠಗಳು, ಸ್ಕ್ರ್ಯಾಚ್, ಪೈಥಾನ್ ಭಾಷೆಯೊಳಗೇ ಇರುವ ಆಮೆ ಎಲ್ಲವೂ ಉಚಿತವಾಗಿ ದೊರೆಯುತ್ತವೆ. ಆದರೆ ಇಂಜಿನಿಯರುಗಳು ತಮ್ಮ ವೃತ್ತಿಯ ವಿದ್ಯೆಯನ್ನು ಒಪ್ಪಿಸಲು ಬರಬಾರದು. ಅವರ ಒಂದು ಕೈಯಲ್ಲಿ ಆ ಮಗುವಿನ ಶಾಲೆಯ ಗಣಿತ ಪುಸ್ತಕ ತೆರೆದಿರಬೇಕು. ಜೊತೆಗೆ ಒಬ್ಬ ನಿವೃತ್ತ ಗಣಿತ ಶಿಕ್ಷಕರು ಇದ್ದರೆ ಇನ್ನೂ ಉತ್ತಮ. ಹತ್ತನೆಯ ತರಗತಿಯ ವರ್ಷ ಇದಕ್ಕೆ ತಡವಾಯಿತು. ಎಂಟನೆಯ ತರಗತಿಯ ವಾರ್ಷಿಕ ಪರೀಕ್ಷೆ ಮುಗಿದ ವಾರದಿಂದ ಆರಂಭವಾಗಬೇಕು. ಆರು ಏಳು ಮಕ್ಕಳಿಗಿಂತ ಹೆಚ್ಚು ಬೇಡ. ಸೇರಿಸಿಕೊಳ್ಳುವಾಗ ಅಂಕಪಟ್ಟಿಯನ್ನು ಕೆಳಗಿನಿಂದ ಓದಬೇಕು. ಮೇಲಿನವರ ಪೋಷಕರು ತಮ್ಮ ಮಗುವನ್ನೂ ಸೇರಿಸಿರೆಂದು ಮೊದಲ ವಾರದಲ್ಲಿಯೇ ಬರುತ್ತಾರೆ, ಅವರಿಗೆ ವಿನಯದಿಂದ ಇಲ್ಲವೆನ್ನುವ ಧೈರ್ಯವನ್ನು ಸಂಘದ ಕಾರ್ಯದರ್ಶಿಗಳು ಈಗಲೇ ಕೂಡಿಸಿಟ್ಟುಕೊಳ್ಳಲಿ.

ಪ್ರಯೋಜನವಾಯಿತೇ ಇಲ್ಲವೇ ಎಂಬುದನ್ನು ತಯಾರಾದ ಆಟಗಳ ಪ್ರದರ್ಶನದಿಂದ ಅಳೆಯುವುದು ಬೇಡ. ಆಟ ಚೆಂದವಾಗಿದ್ದರೆ ಚಪ್ಪಾಳೆ ಬೀಳುತ್ತದೆ, ಅಷ್ಟೆ. ಆರಂಭದ ದಿನ ಶಾಲಾ ಪುಸ್ತಕದಿಂದ ಹತ್ತು ವಾಕ್ಯರೂಪದ ಲೆಕ್ಕಗಳನ್ನು ಕಾಗದದ ಮೇಲೆ ಕೊಟ್ಟು, ಮಗು ಎಷ್ಟನ್ನು ಬಿಡಿಸಿತು ಎಂಬುದರ ಜೊತೆಗೆ ಎಷ್ಟನ್ನು ಪ್ರಯತ್ನಿಸದೆ ಬಿಟ್ಟಿತು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಆರು ತಿಂಗಳ ಬಳಿಕ ಅದೇ ಬಗೆಯ ಬೇರೆ ಹತ್ತು ಲೆಕ್ಕಗಳು, ಕಂಪ್ಯೂಟರ್ ಮುಚ್ಚಿಟ್ಟು, ಪೆನ್ಸಿಲಿನಲ್ಲಿ. ಮೊದಲು ನೋಡಬೇಕಾದದ್ದು ಖಾಲಿ ಬಿಟ್ಟ ಜಾಗಗಳ ಸಂಖ್ಯೆ.